ಆಣೆಗೊಂದು ತಿದ್ದುಪಡಿ

ಅರಿಶಿನದಲ್ಲಿ ಅದ್ದಿದ ಅಂಗೈ ಅಗಲದ ಬಟ್ಟೆ. ಒಳಗೊಂದು ರೂಪಾಯಿ ನಾಣ್ಯ. ಆ ಗಂಟು ದೇವರ ಗೂಡಿನ ಮೊಳೆಗೆ ನೇತಾಡುತ್ತಿದೆ. (ಪಕ್ಕದಲ್ಲಿ ಇನ್ನೊಂದು ಗಂಟೂ ಇದೆ. ಅದರ ವಿಷಯ ಆಮೇಲೆ.)

ಹಾಸನದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ನನ್ನ ಓಟು ಇನ್ನೂ ಹೊಳೆನರಸೀಪುರದ ಹತ್ತಿರದ ನಮ್ಮೂರಲ್ಲೇ ಇದೆ. ಪಂಚಾಯ್ತಿ ಎಲೆಕ್ಷನ್ನಿಗೆ ಹಿಂದಿನ ದಿನವೇ ಹೋದೆ. ನಮ್ಮದು ಮಹಿಳಾ ಮೀಸಲು ಸೀಟು. ಕಣದಲ್ಲಿ ಇಬ್ಬರೇ. ಓಡಾಡಿ ನಮ್ಮ ಬೀದಿಗೆ ನಲ್ಲಿ ಹಾಕಿಸಿದ ಗೌರಕ್ಕ ಒಬ್ಬರು, ದೊಡ್ಡಮನೆಯ ಸೊಸೆ ಇನ್ನೊಬ್ಬರು.

ಸಂಜೆ ದೊಡ್ಡಮನೆಯ ಹೆಂಗಸರು ಅರಿಶಿನ ಕುಂಕುಮ ಹಿಡಿದು ಬಂದರು. ಜಗಲಿಯಲ್ಲಿ ಕೂತಿದ್ದ ಅಜ್ಜಿಯನ್ನು ದಾಟಿ ಸೀದಾ ಒಳಗೆ. (ಅಜ್ಜಿ ವಿಧವೆ. ಕುಂಕುಮವಿಲ್ಲದವರಿಗೆ ಓಟೂ ಇಲ್ಲ ಅಂದುಕೊಂಡರೇನೋ!) ಜಯಾ ಚಿಕ್ಕಮ್ಮನಿಗೂ ನನಗೂ ಕುಂಕುಮ ಕೊಟ್ಟು, "ದೀಪ ಮುಟ್ಬುಟ್ಟು ಯೋಳಕ್ಕ, ಓಟು ನಮ್ಗೇ ಅಂತ" ಅಂದರು.

ಚಿಕ್ಕಮ್ಮ ಮುಟ್ಟಿದರು. ಮನೆಗೆ ಬಂದವರಿಗೆ ಇಲ್ಲ ಅನ್ನುವುದು ಹೇಗೆ? ನಾನು? ನಾನೂ ಮುಟ್ಟಿದೆ.

ಅವರು ಹೋದ ಮೇಲೆ ಚಿಕ್ಕಮ್ಮ ಕಂಬಕ್ಕೊರಗಿ ಕೂತುಬಿಟ್ಟರು. "ಗೌರಕ್ಕಂಗೆ ಆಕ್ಬೇಕು ಅಂತಿದ್ದೆ ಕಣವ್ವ. ಆಣೆ ಮುರುದ್ರೆ ಮಕ್ಳಿಗೆ ಏನಾರ ಆದ್ರೆ? ನಾಳಿಕ್ಕೆ ನಾನು ಬೂತಿಗೇ ಓಗಾಕಿಲ್ಲ."

ನನ್ನ ಪಾಠ ಶುರುವಾಯಿತು. ಎಷ್ಟೋ ದೇಶಗಳಲ್ಲಿ ಹೆಂಗಸರು ಓಟಿಗಾಗಿ ಜೈಲಿಗೆ ಹೋದರು, ನಮಗೆ ಸಂವಿಧಾನ ಮೊದಲ ದಿನವೇ ಕೊಟ್ಟಿತು, ಆಮೇಲೆ ಅದಕ್ಕೆ ತಿದ್ದುಪಡಿ ತಂದು ಪಂಚಾಯ್ತಿಯಲ್ಲಿ ಸೀಟನ್ನೂ ಕೊಟ್ಟರು...

"ಆ ತಿದ್ದುಪಡಿ ಮನೆದ್ಯಾವ್ರಿಗೆ ಗೊತ್ತೇನವ್ವ?" ಅಂದರು ಚಿಕ್ಕಮ್ಮ.

ಜಗಲಿಯಿಂದ ಅಜ್ಜಿ ಕೇಳಿದರು: "ತಿದ್ದುಪಡಿ ಅಂದ್ರೇನ್ ಮಗಾ?"

"ಮೊದ್ಲು ಬರೆದಿದ್ದು ಸಾಲ್ಲಿಲ್ಲ ಅಂದ್ರೆ ಬದಲಾಯಿಸೋದು ಅಜ್ಜಿ."

"ಅಷ್ಟು ದೊಡ್ಡ ಪುಸ್ತಕನೇ ತಿದ್ತಾರಂತೆ, ಇವ್ಳ ಆಣೆ ಅದ್ಕಿಂತ ದೊಡ್ಡದಾ? ಏಳೇ ಜಯಾ, ಅರಿಶ್ನದ ಬಟ್ಟೇಲಿ ಒಂದ್ರೂಪಾಯಿ ತಪ್ಪುಕಾಣಿಕೆ ಕಟ್ಟು. ತಪ್ಪಾಯ್ತು ಅಂತ ದ್ಯಾವ್ರಿಗೆ ಯೋಳು. ಓಟು ನಿಂಗೆ ಬೇಕಾದೋರ್ಗೆ ಆಕು."

ಚಿಕ್ಕಮ್ಮನಿಗೆ ಅರೆಬರೆ ನಗು. "ನಿಮ್ಗೇನ್ ಬುಡಿ ಅತ್ತೆ, ನಿಮ್ಮತ್ರ ಯಾರೂ ಆಣೆ ಇಸ್ಕಂಡಿಲ್ಲ."

"ಊಂ ಕಣೇ! ಕುಂಕುಮ ಕೊಡ್ದೆ ಓದ್ರಲ್ಲ, ಒಳ್ಳೇದೇ ಆಯ್ತು. ಈ ಮನೇಲಿ ಆಣೆಗೆ ಕಟ್ಟುಬೀಳ್ದಿರೋ ಓಟು ನಂದೊಂದೇ!"

ಮೂವರೂ ನಕ್ಕೆವು. ಚಿಕ್ಕಮ್ಮ ಎದ್ದು ಅರಿಶಿನ ಕಲಸಿದರು. ಗಂಟು ಕಟ್ಟಿ ಕೈಮುಗಿದಾಗ ಅವರ ಮುಖ ಹಗುರಾಗಿತ್ತು. ಅಧಿಕಾರವನ್ನು ದೆಹಲಿಯಿಂದ ಪಂಚಾಯ್ತಿಗೆ ತರಲು ಪಾರ್ಲಿಮೆಂಟು ಬೇಕಾಯಿತು. ಪಂಚಾಯ್ತಿಯಿಂದ ನಮ್ಮ ಅಡುಗೆಮನೆಗೆ ತರಲು ಅಜ್ಜಿಯೊಬ್ಬರೇ ಸಾಕಾದರು.

ಮರುದಿನ ಬೆಳಿಗ್ಗೆ, ಯಾರೂ ಏಳುವ ಮುಂಚೆ, ನಾನೂ ಒಂದು ನಾಣ್ಯ ಕಟ್ಟಿ ಅದೇ ಮೊಳೆಗೆ ನೇತುಹಾಕಿದೆ. ಆಮೇಲೆ ಹೋಗಿ ಓಟು ಹಾಕಿದೆ. ಯಾರಿಗೆ ಅಂತ ಮಾತ್ರ ಕೇಳಬೇಡಿ, ಅದು ಗೋಪ್ಯ.