ಬೋನಿನ ಹಿಂಬದಿಯ ಬಾಗಿಲು

ಚಿಕ್ಕತಾಯಮ್ಮನ ನಾಯಿ ಚಿರತೆಯ ಬೋನಿನೊಳಗೇ ಸತ್ತಿತು. ಅದನ್ನು ಹೊರಗೆ ತೆಗೆಯಲು ಹೋದವನನ್ನು ತಡೆದವನು ನಾನು. 'ಬೋನಿನಲ್ಲಿದ್ದ ನಾಯಿಯನ್ನು ಸುರಕ್ಷಿತವಾಗಿ ಹೊರಬಿಡಲಾಯಿತು' ಎಂದು ಮರುದಿನದ ಪತ್ರಿಕೆಗೆ ಬರೆದವನೂ ನಾನೇ.

ಮಳವಳ್ಳಿಯಲ್ಲಿದ್ದುಕೊಂಡು ತಾಲ್ಲೂಕಿನ ಸುದ್ದಿ ಕಳಿಸುವುದು ನನ್ನ ಕೆಲಸ. ಕಣ್ಣಿಂದ ಕಂಡದ್ದನ್ನು ಮಾತ್ರ ಬರೆಯಿರಿ ಎಂದು ಹೊಸದಾಗಿ ಸೇರಿದವರಿಗೆ ಹೇಳಿಕೊಡುತ್ತೇನೆ. ಹೇಳಿಕೊಡುವಾಗಲೆಲ್ಲ ಆ ಒಂದು ವಾಕ್ಯ ಹಳಸಿದ ಅನ್ನದ ಹಾಗೆ ಗಂಟಲಿಗೆ ಬರುತ್ತದೆ — ನುಂಗಿಕೊಂಡು ಮುಂದುವರಿಯುತ್ತೇನೆ.

ಕಿರುಗಾವಲಿನಿಂದ ಒಳದಾರಿಯಲ್ಲಿ ಹೋದರೆ ಚಿಕ್ಕತಾಯಮ್ಮನ ಊರು. ಅವಳ ಕೊಟ್ಟಿಗೆಯ ಕರುವನ್ನು ಚಿರತೆ ಪಕ್ಕದ ಕಬ್ಬಿನ ಗದ್ದೆಗೆ ಎಳೆದುಕೊಂಡು ಹೋಗಿತ್ತು. ಊರವರು ಗಲಾಟೆ ಮಾಡಿದ ಮೇಲೆ ಬೋನು ಬಂತು. ಬೋನಿನಲ್ಲಿ ಎರಡು ಭಾಗ. ಮುಂದಿನದು ಚಿರತೆ ಬೀಳುವ ಜಾಗ. ನಡುವೆ ಕಬ್ಬಿಣದ ಸರಳು. ಅದರ ಆಚೆಗೆ, ಹಿಂಬದಿಯಲ್ಲಿ, ಚಿರತೆಯನ್ನು ಸೆಳೆಯಲು ಕಟ್ಟುವ ಪ್ರಾಣಿಗೊಂದು ಇಕ್ಕಟ್ಟಾದ ಗೂಡು. ಆ ಗೂಡಿಗೆ ಮೇಲಕ್ಕೆತ್ತುವ ಒಂದು ಪುಟ್ಟ ಬಾಗಿಲು. ಬೋನು ಹೊರಗಿನಿಂದ ಬರುತ್ತದೆ, ಪ್ರಾಣಿಯನ್ನು ಊರವರೇ ಕೊಡಬೇಕು. ಮೇಕೆ ಕೊಡಿ ಅಂದರೆ ಎಲ್ಲರೂ ಆಕಾಶ ನೋಡುತ್ತಾರೆ. ಕೊನೆಗೆ ನಾಯಿಯೇ ಗತಿ.

"ಕರ ಓಗಿರದು ನಿಂದು ತಾಯವ್ವ, ನಾಯಿನೂ ನಿಂದೇ ಕಟ್ಟು," ಎಂದ ಒಬ್ಬ. "ನಮ್ಮನೆದು ಚಿರತೆ ಬಂದ್ರೆ ಬಾಲ ಅಳ್ಳಾಡುಸ್ಕಂಡು ಒಳಕ್ ಕರೀತದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಿಕ್ಕತಾಯಮ್ಮ ನಗಲಿಲ್ಲ, ನನ್ನ ಕಡೆ ತಿರುಗಿದಳು. "ಪೇಪರ್ನಪ್ಪಾ, ನೀನು ನಾಕೂರು ನೋಡಿರೋನು. ನಮ್ ಕೆಂಚಂಗೆ ಏನೂ ಆಗಕಿಲ್ವಾ?"

"ಏನೂ ಆಗಲ್ಲ ಕಣವ್ವ. ಮಧ್ಯದಲ್ಲಿ ಕಬ್ಬಿಣ ಅದೆ. ಬಿದ್ದ ತಕ್ಷಣ ಹಿಂದಿನ ಬಾಗ್ಲು ತೆಗೀತಾರೆ. ನಾನಿದ್ದೀನಲ್ಲ."

ನಾನಿದ್ದೀನಲ್ಲ — ಯಾರೂ ಕೇಳದೆ ಆಡಿದ ಮಾತು. ಆ ಮಾತು ನಂಬಿ ಅವಳು ಕೆಂಚನನ್ನು ತಾನೇ ಎತ್ತಿ ಗೂಡಿಗೆ ಬಿಟ್ಟಳು. ಮುದ್ದೆ ಮುರಿದು ಒಳಗಿಟ್ಟಳು. ಮಗಳ ಕೂಸಿಗೆ ಹೆಸರಿಡುವ ಶಾಸ್ತ್ರವಿತ್ತು. ಚಿಕ್ಕರಸಿನಕೆರೆಗೆ ಬಸ್ಸು ಹತ್ತಿದಳು.

ಮರುದಿನ ನಸುಕಿನಲ್ಲೇ ಬೋನು ಕಾಯುತ್ತಿದ್ದ ಸಿದ್ದರಾಜು ಚಿರತೆ ಬಿದ್ದಿದೆ ಎಂದು ಫೋನ್ ಮಾಡಿದ. ಅವನು ಅದೇ ಊರಿನವನು, ದಿನಗೂಲಿಗೆ ನಿಂತಿದ್ದ. ನಾನು ಹೋದಾಗ ಗದ್ದೆಯಲ್ಲಿ ಇನ್ನೂ ಜನವಿರಲಿಲ್ಲ. ಬೋನಿನ ಮೇಲೆ ಟಾರ್ಪಾಲು ಮುಚ್ಚಿದ್ದ. ಕತ್ತಲಾದರೆ ಚಿರತೆ ಸುಮ್ಮನಾಗುತ್ತದೆ. ಒಳಗಿನಿಂದ ಉಚ್ಚೆಯ ಘಾಟು ಮೂಗಿಗೆ ಹೊಡೆಯಿತು.

"ಸಾ, ಮೊದ್ಲು ನಾಯಿ ತಗುದ್ಬುಡ್ತೀನಿ," ಎಂದು ಅವನು ಹಿಂಬದಿಗೆ ಹೋದ. "ಎದರ್ಕಂಡೇ ಸತ್ತೋಯ್ತದೆ."

"ತಡಿ. ಟಾರ್ಪಾಲು ಎತ್ತು. ಎರಡೂ ಒಂದೇ ಫೋಟೋದಲ್ಲಿ ಬರ್ಲಿ."

ಇಷ್ಟೇ ಮಾತು. ಅವನು ಬಾಗಿಲ ಮೇಲಿಟ್ಟ ಕೈ ತೆಗೆದ.

ಟಾರ್ಪಾಲು ಎತ್ತಿದ್ದೇ ಚಿರತೆ ಸರಳಿಗೆ ಅಪ್ಪಳಿಸಿತು. ಆಚೆಗೆ ಕೆಂಚ ಮೂಲೆಗೆ ಅಂಟಿಕೊಂಡು ನಿಂತಿತ್ತು, ಕೆಳಗೆಲ್ಲ ಹೇಲು. ಬೊಗಳಲಿಲ್ಲ, ಕುಂಯ್ ಅನ್ನಲೂ ಇಲ್ಲ. ಫೋಟೋ ತೆಗೆದೆ. ಕತ್ತಲು ಕತ್ತಲಾಗಿ ಬಂತು. ಬೆಳಕು ಸ್ವಲ್ಪ ಏರಲಿ ಅಂದುಕೊಂಡೆ — ಹೌದು, ಹಾಗೇ ಅಂದುಕೊಂಡೆ.

ಬೆಳಕಿಗೆ ಮುಂಚೆ ಜನ ಬಂದರು. ಬೈಕುಗಳು, ಟ್ರಾಕ್ಟರು, ಹೆಗಲ ಮೇಲೆ ಮಕ್ಕಳು. ಬೋನಿನ ಸುತ್ತ ಒಂದು ಬೆರಳು ತೂರುವಷ್ಟೂ ಜಾಗ ಉಳಿಯಲಿಲ್ಲ. ಗದ್ದೆಯಿಂದ ಕಬ್ಬು ಮುರಿದು ತಂದು ಒಳಗೆ ತಿವಿದರು.

"ಲೇ, ಗುರ್ ಅನ್ಸ್ಲಾ ಅದ್ನ, ವಿಡಿಯೋ ಮಾಡ್ತಾವ್ನಿ."

"ನಿಮ್ಮತ್ತೆ ಎಸ್ರು ಕೂಗ್ಲಾ, ತಾನೇ ಗುರ್ ಅಂತದೆ."

ಚಿರತೆಯ ಮೂತಿ ಸರಳಿಗೆ ಬಡಿದು ಬಡಿದು ರಕ್ತವಾಯಿತು. ಆ ರಕ್ತವೇ ನನಗೆ ಒಳ್ಳೆಯ ಚಿತ್ರವಾಗಿ ಕಂಡಿತು. ಯಾರೋ ಇಡ್ಲಿ ಪೊಟ್ಟಣ ಕೊಟ್ಟರು. ಆ ನಾತದ ನಡುವೆ ನಿಂತು ತಿಂದೆ, ಪ್ಯಾಂಟಿಗೆ ಕೈ ಒರೆಸಿಕೊಂಡು ಮತ್ತೆ ಕ್ಯಾಮೆರಾ ಹಿಡಿದೆ. ಜನರ ಮೇಲೆ ಅಸಹ್ಯಪಡುವುದು ಸುಲಭ. ಅವರಲ್ಲಿ ಹೆಚ್ಚಿನವರಿಗೆ ಆ ಪುಟ್ಟ ಬಾಗಿಲಿನ ವಿಷಯ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ಸಿದ್ದರಾಜು ಎರಡು ಸಲ ಜನರ ನಡುವೆ ನುಗ್ಗಲು ನೋಡಿದ, ಆಗಲಿಲ್ಲ. ಬಿಸಿಲು ಏರಿತು, ಕಬ್ಬಿಣ ಕಾದಿತು. ಬೋನು ಸಾಗಿಸುವ ಲಾರಿ ಬಂದು ಜನ ಚದುರಿದಾಗ ಅವನು ಬಾಗಿಲು ಎತ್ತಿ ಕೈ ಹಾಕಿದ. ಕೆಂಚ ಆಗಲೇ ಸತ್ತಿತ್ತು. ಮೈಮೇಲೆ ಒಂದು ಗೀರಿಲ್ಲ. ಚಿರತೆ ಅದನ್ನು ಮುಟ್ಟಿರಲೇ ಇಲ್ಲ.

ಹಿಂಡಿ ಚೀಲವೊಂದರೊಳಗೆ ತುಂಬಿದ. "ಊತ್ಬುಡನಾ ಸಾ?"

ಅಗೆಯುತ್ತ ಕೂತರೆ ಜನ ನೋಡುತ್ತಾರೆ, ಕೇಳುತ್ತಾರೆ. "ನಾಲೆಗೆ ಬಿಡು," ಎಂದೆ.

ಅವನು ನನ್ನ ಮುಖ ನೋಡಿದ. ನಾನೇ ಚೀಲದ ಇನ್ನೊಂದು ತುದಿ ಹಿಡಿದೆ. ಇನ್ನೂ ಬೆಚ್ಚಗಿತ್ತು. ನಾಲೆಯಲ್ಲಿ ನೀರು ಜೋರಾಗಿತ್ತು. ಚೀಲ ಒಮ್ಮೆ ಮಗುಚಿ ಮುಂದೆ ಹೋಯಿತು.

ಸಂಜೆ ಕಚೇರಿಯಿಂದ ಫೋನ್ ಬಂತು. ಬೋನಿನ ನಾಯಿ ಏನಾಯಿತು, ಓದುಗರು ಕೇಳುತ್ತಾರೆ ಅಂದರು. "ಸೇಫ್ ಸರ್," ಎಂದೆ. ಯೋಚಿಸಲೂ ಇಲ್ಲ, ವರದಿಗೆ ಆ ಸಾಲು ಸೇರಿಸಿ ಕಳಿಸಿದೆ. ಮುಖಪುಟದಲ್ಲಿ ಚಿತ್ರ ಬಂತು — ಚಿರತೆಯ ಮುಖ ಮಾತ್ರ. ನಾಯಿ ಇದ್ದ ಭಾಗವನ್ನು ಕತ್ತರಿಸಿದ್ದರು.

ಹಿಂತಿರುಗಿದ ಚಿಕ್ಕತಾಯಮ್ಮನಿಗೆ ಡೇರಿಯ ಮುಂದೆ ಯಾರೋ ಪತ್ರಿಕೆ ಓದಿ ಹೇಳಿದರು. ಬದುಕಿದೆ, ಬಿಟ್ಟಿದ್ದಾರೆ. ಹಾಗಾದರೆ ಎಲ್ಲಿ? ಅವಳು ಹುಡುಕತೊಡಗಿದಳು. ಕಬ್ಬಿನ ಗದ್ದೆಗಳ ಬದುವಿನಲ್ಲಿ ಕೂಗುತ್ತ ನಡೆದಳು. ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ಹರಕೆ ಕಟ್ಟಿಕೊಂಡಳು. ಒಂದು ದಿನ ಮಳವಳ್ಳಿಗೇ ಬಂದು ನನ್ನ ಎದುರು ಕೂತಳು. "ಎಲ್ ಬುಟ್ರು ಅಂತ ಒಸಿ ಕೇಳಪ್ಪಾ. ಸತ್ತೋಗದೆ ಅಂತಾರೆ ಕೆಲವ್ರು. ಪೇಪರ್ನಲ್ಲಿ ಸುಳ್ಳಾಕ್ತಾರಾ?"

ವಿಚಾರಿಸುತ್ತೇನೆ ಎಂದೆ. ಟೀ ತರಿಸಿಕೊಟ್ಟೆ.

ಊರಲ್ಲಿ ಬೇರೊಂದು ಮಾತು ಹುಟ್ಟಿತು. ಬಿಟ್ಟ ನಾಯಿ ಮನೆಗೆ ಬರಲಿಲ್ಲ ಅಂದರೆ ಬಿಟ್ಟವನೇ ಎಲ್ಲೋ ಸಾಗಿಸಿದ್ದಾನೆ. ಸಿದ್ದರಾಜು ತೋಟದ ಮನೆಯೊಂದಕ್ಕೆ ಮಾರಿಕೊಂಡ ಅಂದರು. ಚಿಕ್ಕತಾಯಮ್ಮ ಅವನ ಬಾಗಿಲಿಗೆ ಹೋಗಿ ಮಣ್ಣು ತೂರಿ ಶಾಪ ಹಾಕಿದಳು. ಅವನ ಹೆಂಡತಿ ಬಸುರಿ. ಆ ಕೂಸು ಉಳಿಯಲಿಲ್ಲ. ಶಾಪಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳಬಲ್ಲೆ. ಅವನ ಹೆಂಡತಿಗೆ ಯಾರು ಹೇಳಬೇಕು?

"ನಿಜ ಹೇಳಿಬಿಡೋದಲ್ವಾ?" ಎಂದು ಅವನನ್ನು ಕೇಳಿದೆ — ಕೇಳುವ ನಾಚಿಕೆಗೇಡಿತನವೂ ನನಗಿತ್ತು.

"ನಾನೇಳುದ್ರೆ ಯಾರು ನಂಬ್ತಾರೆ ಸಾ? ಪೇಪರ್ನಲ್ಲಿ ಬಂದ್ಬುಟ್ಟದಲ್ಲ."

ಹೀಗೆ ಮೂರು ವರ್ಷ. ಅವಳು ಬೇರೆ ನಾಯಿ ಸಾಕಲಿಲ್ಲ. ಮರಿ ತಂದುಕೊಟ್ಟವರಿಗೆ, ಕೆಂಚ ಬಂದರೆ ಬೇಜಾರು ಮಾಡಿಕೊಳ್ಳುತ್ತದೆ ಅನ್ನುತ್ತಿದ್ದಳಂತೆ. ಕಳೆದ ಭಾನುವಾರ ಹೋದೆ. ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಎಲ್ಲವನ್ನೂ ಹೇಳಿದೆ — ಬಾಗಿಲು, ಫೋಟೋ, ಚೀಲ, ನಾಲೆ. ಅವಳು ಹುಲ್ಲಿನ ಹೊರೆ ಕೆಳಗಿಟ್ಟಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಡಿ ಸಿದ್ದನ ಮನೆಗೆ," ಎಂದಳಷ್ಟೆ.

ಅವನು ಪಡಸಾಲೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದ. ಹೆಂಡತಿ ಒಳಗಿನಿಂದ ಬಂದವಳು ಚಿಕ್ಕತಾಯಮ್ಮನನ್ನು ಕಂಡು ಗೋಡೆಗೆ ಒರಗಿದಳು. ಚಿಕ್ಕತಾಯಮ್ಮ ಆ ಇಬ್ಬರ ಮುಂದೆ ಬಾಗಿ ಕೈಮುಗಿದಳು. "ತಪ್ಪಾಯ್ತು ಕಣ್ ಮಗಾ. ತಪ್ಪಾಯ್ತು ಕಣವ್ವ."

ತಪ್ಪು ಮಾಡದವಳು ಹೇಳಿದ ಆ ಮಾತನ್ನು ನಾನು ಅಲ್ಲಿಯವರೆಗೂ ಹೇಳಿರಲಿಲ್ಲ — ನಡೆದದ್ದನ್ನು ವರದಿ ಒಪ್ಪಿಸಿದ್ದೆ, ಅಷ್ಟೆ. ಹೊರಗೆ ಬಂದ ಮೇಲೆ ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

"ನನ್ ತಾವು ಏಳ್ಬ್ಯಾಡ. ಅವತ್ತು ಆಕ್ದಂಗೇ ಪೇಪರ್ನಲ್ಲಾಕು. ನಂದ್ ಬ್ಯಾಡ, ಅವುಂದಾಕು."

ಹಾಕುತ್ತಿದ್ದೇನೆ. ಸಿದ್ದರಾಜು ಯಾರ ನಾಯಿಯನ್ನೂ ಕದಿಯಲಿಲ್ಲ, ಮಾರಲಿಲ್ಲ.