ಗಣಪ್ಪನ ಹೆಗಲೇರಿದ ನನ್ನ ಇಲಿ

ಖಾನಾಪುರದ ಮೂರ್ತಿಕಾರರ ಶೆಡ್ಡಿನಲ್ಲಿ, ಸಾಲಾಗಿ ಕೂತ ಗಣಪತಿಗಳ ನಡುವೆ ನನ್ನ ಇಲಿ ಕಂಡಿತು. ಕಂಬಳಿಯ ಕೊಪ್ಪೆ ಹಾಕಿಕೊಂಡು ಗಣಪ್ಪನ ಹೆಗಲ ಮೇಲೆ ಕೂತಿತ್ತು, ಥೇಟ್ ನಾನು ಬರೆದ ಹಾಗೆಯೇ.

ಮಳೆಯಲ್ಲಿ ದಣಿದ ಇಲಿಯನ್ನು ಗಣಪ್ಪನೇ ಹೊತ್ತು ನಡೆಯುವ ಆ ವ್ಯಂಗ್ಯಚಿತ್ರವನ್ನು ಬೆಳಗಾವಿಯ ಸೈಬರ್ ಕೆಫೆಯಿಂದ ಇಂಟರ್‌ನೆಟ್ಟಿಗೆ ಹಾಕಿದ್ದೆ. ದೇವರನ್ನೇ ಚೇಷ್ಟೆ ಮಾಡಿದೆ ಎಂದು ಮನೆಯಲ್ಲಿ ಬೈಯುತ್ತಾರೆಂಬ ಅಂಜಿಕೆಗೆ ಸುಳ್ಳು ಹೆಸರು ಕೊಟ್ಟಿದ್ದೆ.

“ನಮ್ಮ ತಮ್ಮ ಕಂಪ್ಯೂಟರಿನ್ಯಾಗ ನೋಡಿ ಪ್ರಿಂಟ್ ತಂದಾನ್ರಿ. ಯಾರು ತಗದಾರೋ ಗೊತ್ತಿಲ್ಲ” ಎಂದರು ಮೂರ್ತಿಕಾರರು.

ಮೂರ್ತಿ ಒಯ್ಯಲು ನನ್ನೊಂದಿಗೆ ಬಂದಿದ್ದ ಅಜ್ಜಿ ಅದನ್ನೇ ದಿಟ್ಟಿಸುತ್ತಿದ್ದಳು. ಇನ್ನು ಬೈಗುಳ ಶುರು ಎಂದುಕೊಂಡೆ.

“ಇಷ್ಟ ವರ್ಷ ಅದು ಇವನ್ನ ಹೊತ್ತೈತಿ. ಈ ವರ್ಷ ಇಂವ ಹೊರ್ಲಿ. ನಮ್ಮ ಮನಿಗೆ ಇದ ಇರ್ಲಿ” ಎಂದಳು ಅಜ್ಜಿ.

ತಡೆಯಲಾಗದೆ, “ಆಯಿ, ಆ ಚಿತ್ರ ತಗದಾಕಿ ನಾನ” ಎಂದುಬಿಟ್ಟೆ. ನಮ್ಮ ರೈಲು ದೇಸೂರ ಸ್ಟೇಷನ್ ದಾಟುವಷ್ಟರಲ್ಲಿ ಅವಳು ಇಡೀ ಡಬ್ಬಿಗೆ ಸುದ್ದಿ ಮುಟ್ಟಿಸಿದ್ದಳು.

ಮರುದಿನವೇ ಸೈಬರ್ ಕೆಫೆಗೆ ಓಡಿ, ಚಿತ್ರದ ಕೆಳಗಿದ್ದ ಸುಳ್ಳು ಹೆಸರು ಅಳಿಸಿ ನನ್ನ ಹೆಸರು ಹಾಕಿದೆ. ಯಾರ ಮೊಮ್ಮಗಳು ಎಂಬುದನ್ನೂ ಸೇರಿಸಿದೆ.