ಉಸ್ತಾದರ ಎರಡನೇ ಗರಡಿ

ಉಸ್ತಾದ್ ಖಲಂದರ್ ಸಾಹೇಬರ ಅಜ್ಜ ದಸರಾ ಕುಸ್ತಿಯಲ್ಲಿ ಘಟಾನುಘಟಿಗಳಿಗೆ ಮಣ್ಣು ಮುಕ್ಕಿಸಿದವರು, ಅಪ್ಪ ಮಂಡಿ ಮೊಹಲ್ಲಾದ ಗರಡಿಗೆ ಗಾಡಿಗಟ್ಟಲೆ ಕೆಮ್ಮಣ್ಣು ಹೊಡೆಸಿದವರು; ಉಸ್ತಾದರದು ಬರೀ ಕಟ್ಟುಪಾಡು. ಚಡ್ಡಿ ಮೊಣಕಾಲು ಮುಚ್ಚಬೇಕು, ಮುಖಕ್ಕೆ ಹೊಡೆಯಕೂಡದು, ಒಂದು ಲೋಟ ಟೀಗೆ ಬಾಜಿ ಕಟ್ಟಿದವನೂ ಆಚೆ. ಆಜಾನ್ ಕೇಳಿಸಿದರೆ ಗೆಲ್ಲುವ ಪಟ್ಟನ್ನೂ ಬಿಡಿಸುತ್ತಿದ್ದರು: “ನಮಾಜಿಗೆ ನಡಿಯೋ, ಅವನ ಕತ್ತು ಆಮೇಲೆ!” ಅವರ ವಿದ್ಯೆಯೆಲ್ಲ ಹತ್ತಿದ್ದು ಮಗಳು ಶಾಹೀನಳೊಬ್ಬಳಿಗೆ. ಹನ್ನೆರಡು ತುಂಬಿದಾಗ, ಗಂಡಸರ ಮುಂದೆ ಆಡಬಾರದೆಂದು ಅವಳನ್ನು ಬಿಡಿಸಿದರು. ಹೆಂಗಸರ ನಡುವೆ ಅಡ್ಡಿಯಿಲ್ಲವೆಂದು ಹಿತ್ತಿಲಲ್ಲಿ ಗೋಡೆಯೆಬ್ಬಿಸಿ ಇನ್ನೊಂದು ಗರಡಿ ಮಾಡಿದರು. ಜೋಡಿಗೆ ಯಾವ ಮನೆಯವರೂ ಹುಡುಗಿಯನ್ನು ಕಳಿಸಲಿಲ್ಲ. ಶಾಹೀನ ಮದುವೆಯಾಗಿ ಇಪ್ಪತ್ತು ವರ್ಷ. ಹಬ್ಬಕ್ಕೆ ಬಂದರೂ ಹಿತ್ತಿಲಿಗೆ ತಲೆ ಹಾಕುವುದಿಲ್ಲ. ಉಸ್ತಾದರು ಮಾತ್ರ ವಾರಕ್ಕೊಮ್ಮೆ, ಸೊಂಟ ಹಿಡಿದುಕೊಂಡೇ, ಆ ಮಣ್ಣು ಅಗೆದು ಮೆದುಮಾಡುತ್ತಾರೆ. ಗುದ್ದಲಿ ಇತ್ತ ಕೊಡಿ ಎಂದು ಮೊನ್ನೆ ಪಕ್ಕದ ಮನೆಯ ನಾನು ಹೋದರೆ ಬಾಗಿಲಿಗೆ ಅಡ್ಡ ನಿಂತರು: “ಬುಡಿ ಗುರುಮಲ್ಲಪ್ನೋರೇ, ಇದು ಹೆಣ್ಮಕ್ಕಳ ಗರಡಿ. ಗಂಡಸರು ಕಾಲಿಡಂಗಿಲ್ಲ.”